ದ್ರಾಕ್ಷಿ ಕತ್ತರಿಯ ಪೌಚಿಗೆ, ಅದನ್ನು ಹೊರುವ ಬೆಲ್ಟಿಗೆ ಎಷ್ಟು ದಪ್ಪದ ಚರ್ಮ ಬೇಕು?

ಬಳ್ಳಿ ಚಪ್ಪರ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಂದಿ ಬೆಟ್ಟದ ಕೆಳಗೆ ನಮ್ಮದು ಎರಡೆಕರೆ ದ್ರಾಕ್ಷಿ ತೋಟ. ಕಟಿಂಗ್ ಶುರುವಾದರೆ ಇಡೀ ದಿನ ಕೈಯಲ್ಲಿ ಕತ್ತರಿ. ನಡುವೆ ಬಳ್ಳಿ ಕಟ್ಟಬೇಕು, ಫೋನ್ ಎತ್ತಬೇಕು, ನೀರು ಕುಡಿಯಬೇಕು. ಆಗ ಕತ್ತರಿ ಎಲ್ಲಿಡೋದು? ಜೇಬಿಗೆ ಹಾಕಿದರೆ ಜೇಬು ಹರಿಯುತ್ತದೆ. ಚಪ್ಪರದ ತಂತಿಗೆ ಸಿಕ್ಕಿಸಿದರೆ ಮರೆತು ಮುಂದಿನ ಸಾಲಿಗೆ ಹೋಗಿರುತ್ತೇವೆ. ಹೋದ ವರ್ಷ ಹೀಗೇ ಎರಡು ಕತ್ತರಿ ಕಳೆದುಕೊಂಡೆವು.

ಸೊಂಟಕ್ಕೆ ಒಂದು ಚರ್ಮದ ಪೌಚು, ಒಂದು ಗಟ್ಟಿ ಬೆಲ್ಟು ನಾನೇ ಹೊಲಿಯೋಣ ಅಂತ ಕೂತೆ. ಮೊದಲ ಸಲ ಅಂಗಡಿಯವರು ಒಳ್ಳೇ ಮಾಲು ಅಂತ ಕೊಟ್ಟ 2 ಮಿ.ಮೀ. ದಪ್ಪದ ಮೆತ್ತನೆ ಕಪ್ಪು ಚರ್ಮ ತಂದೆ. ಹೊಲಿಯೋಕೆ ಸಲೀಸಾಗಿತ್ತು. ಹದಿನೈದೇ ದಿನಕ್ಕೆ ಪೌಚಿನ ಬಾಯಿ ಮುಚ್ಚಿಕೊಂಡಿತು. ಒಂದು ಕೈಯಲ್ಲಿ ಬಾಯಿ ಬಿಡಿಸಿ ಇನ್ನೊಂದು ಕೈಯಲ್ಲಿ ಕತ್ತರಿ ತೂರಿಸಬೇಕು. ಆಮೇಲೆ ಕತ್ತರಿಯ ಮೂತಿ ತಳದ ಹೊಲಿಗೆ ಕೊಯ್ದು ಆಚೆ ಬಂತು. ಬೆಲ್ಟಂತೂ ಎರಡು ತೂತಿನಷ್ಟು ಉದ್ದವಾಯಿತು.

ಸಿಟ್ಟಿನಲ್ಲಿ ಎರಡನೇ ಸಲ 5 ಮಿ.ಮೀ. ತಂದೆ. ಅದು ಚರ್ಮವೋ ಹಲಗೆಯೋ ಗೊತ್ತಾಗಲಿಲ್ಲ. ಮಡಚಿದರೆ ಮೇಲ್ಮೈ ಬಿರುಕು ಬಿಟ್ಟಿತು. ಎರಡು ಸೂಜಿ ಮುರಿದವು. ಅಪ್ಪ ನೋಡಿ ‘ಇದನ್ನ ಬಾಗಿಲಿಗೆ ಹೊಡಿ’ ಅಂದರು.

ಪೌಚಿಗೆ ಎಷ್ಟು ಮಿ.ಮೀ., ಬೆಲ್ಟಿಗೆ ಎಷ್ಟು ಮಿ.ಮೀ. ಅಂತ ಗೊತ್ತಿದ್ದವರು ಹೇಳಿ. ನಂಬರ್ ಸಿಕ್ಕಿದರೆ ಸಾಕು.

ರಂಪಿಗೆ, ತುಮಕೂರು

ಬರೀ ನಂಬರ್ ಹೇಳಿದರೆ ಮೂರನೇ ಸಲವೂ ದುಡ್ಡು ಕಳೆಯುತ್ತೀಯ ತಮ್ಮಾ. ಮೊದಲು ಇಷ್ಟು ಹೇಳು. ನೀನು ತಂದದ್ದು ಯಾವ ಹದದ ಚರ್ಮ? ದನದ್ದೋ ಎಮ್ಮೆಯದ್ದೋ? ಮೈಯ ಯಾವ ಭಾಗದ್ದು? ಈ ಮೂರೂ ಗೊತ್ತಿಲ್ಲದೆ 2 ಅಥವಾ 5 ಅಂದರೆ ಅರ್ಥವೇ ಇಲ್ಲ.

ಮೊದಲು ತಂದ ಕಪ್ಪು ಮೆತ್ತನೆಯದು ಕ್ರೋಮ್ ಹದದ್ದೇ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದೇ ಇರಬೇಕು. ಕತ್ತರಿಸಿದ ಅಂಚು ನೋಡು. ಒಳಗೆ ನೀಲಿ ಮಿಶ್ರಿತ ಬೂದು ಬಣ್ಣ ಕಂಡರೆ ಕ್ರೋಮ್. ಮೇಲಿಂದ ಕೆಳಗಿನವರೆಗೂ ಕಂದು ಇದ್ದರೆ ತೊಗಟೆ ಹದ, ಅಂದರೆ ವೆಜ್ ಟ್ಯಾನ್. ಕ್ರೋಮ್ ಚರ್ಮ ಜಾಕೆಟ್ಟಿಗೆ, ಬ್ಯಾಗಿಗೆ, ಶೂ ಮೇಲ್ಭಾಗಕ್ಕೆ ಚೆನ್ನ. ಅದಕ್ಕೆ ಒಂದು ಆಕಾರ ಕೊಟ್ಟು ‘ಹೀಗೇ ಇರು’ ಅಂದರೆ ಕೇಳುವುದಿಲ್ಲ. ತೊಗಟೆ ಹದದ ಚರ್ಮ ನೆನೆಸಿದರೆ ಮಣ್ಣಿನ ಮುದ್ದೆ ಥರ ಒತ್ತಿದ ಹಾಗೆ ಒತ್ತಿಸಿಕೊಳ್ಳುತ್ತದೆ, ಒಣಗಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಒರೆ, ಪೌಚು, ಪಿಸ್ತೂಲು ಇಡುವ ಹೋಲ್‌ಸ್ಟರ್ ಯಾವುದೇ ಇರಲಿ, ಬೇಕಾಗಿರುವುದು ಅದೇ.

ತೊಗಟೆ ಹದ ಅಂದರೆ ಯಾವುದೋ ಪರದೇಶದ ವಿದ್ಯೆ ಅಂದುಕೊಳ್ಳಬೇಡ. ನಮ್ಮ ಬಯಲಲ್ಲಿ ಹಳದಿ ಹೂ ಬಿಡುತ್ತದಲ್ಲ ತಂಗಡಿ, ಅದರ ತೊಗಟೆ, ಜೊತೆಗೆ ಅಳಲೆಕಾಯಿ. ದಕ್ಷಿಣದಲ್ಲಿ ತಲೆತಲಾಂತರದಿಂದ ತೊಗಲು ಹದ ಮಾಡಿದ್ದು ಇದರಲ್ಲೇ. ನಮ್ಮ ತಾತ ಮೆಟ್ಟು ಹೊಲಿಯುತ್ತಿದ್ದರು, ಕಪಿಲೆ ಬಾನಿಯನ್ನೂ ಹೊಲಿಯುತ್ತಿದ್ದರು. ಬಾವಿಯಿಂದ ನೀರೆತ್ತುವ ಬಾನಿಯ ಮೈಗೆ ದಪ್ಪ ತೊಗಲು. ನೀರು ಸುರಿಯುವ ಸೊಂಡಿಲಿಗೆ ತೆಳುವಾದ, ಮೆತ್ತಗಿರುವ ತೊಗಲು. ಸೊಂಡಿಲು ದಪ್ಪವಾದರೆ ಮಡಚುವುದಿಲ್ಲ, ಮೈ ತೆಳುವಾದರೆ ಭಾರ ತಡೆಯುವುದಿಲ್ಲ. ಒಂದೇ ಸಾಮಾನಿನಲ್ಲಿ ಎರಡು ದಪ್ಪ. ನಿನ್ನ ಪೌಚು, ಬೆಲ್ಟಿನ ಪ್ರಶ್ನೆಯೂ ಇದೇ.

ಬಳ್ಳಿ ಚಪ್ಪರ, ಚಿಕ್ಕಬಳ್ಳಾಪುರ

ಅಣ್ಣಾ, ಈಗ ಅಂಚು ನೋಡಿದೆ. ಮೊದಲಿನದು ಬೂದು ನೀಲಿನೇ. 5 ಮಿ.ಮೀ.ದು ಪೂರ್ತಿ ಕಂದು. ಭಾಗ ಯಾವುದು ಅಂತ ಗೊತ್ತಿಲ್ಲ, ಅಂಗಡಿಯಲ್ಲಿ ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸ್ಪಂಜಿನ ಹಾಗೆ ಇದೆ.

ರಂಪಿಗೆ, ತುಮಕೂರು

ಸ್ಪಂಜಿನ ಹಾಗಿದೆ ಅಂದರೆ ಹೊಟ್ಟೆ ಕಡೆಯದು. ಅಂಗಡಿಯವರಿಗೆ ಮೊದಲು ಖಾಲಿಯಾಗಬೇಕಾದ್ದು ಅದೇ.

ಬೆನ್ನಿನ ಚರ್ಮ ಬಿಗಿ, ಎಳೆದರೆ ಜಗ್ಗುವುದು ಕಡಿಮೆ. ಬೆಲ್ಟಿಗೆ ಅದೇ ಆಗಬೇಕು, ಅದೂ ಬೆನ್ನುಮೂಳೆಯ ಗುಂಟ ಉದ್ದಕ್ಕೆ ಕೊಯ್ದದ್ದು. ಹೆಗಲಿನದು ಸ್ವಲ್ಪ ಸುಕ್ಕು ಇರುತ್ತದೆ, ಆದರೆ ಚೆನ್ನಾಗಿ ಬಾಗುತ್ತದೆ. ಪೌಚಿಗೆ ನನಗೆ ಅದೇ ಇಷ್ಟ. ಹೊಟ್ಟೆಯದು ಜಗ್ಗುತ್ತದೆ. ಪ್ರಾಣಿ ಮೇವು ತಿಂದು ಹೊಟ್ಟೆ ಉಬ್ಬಿಸಬೇಕಲ್ಲ, ಜಗ್ಗದೇ ಇದ್ದರೆ ಹೇಗೆ? 3 ಮಿ.ಮೀ. ಬೆನ್ನು ಮಾಡುವ ಕೆಲಸವನ್ನು 5 ಮಿ.ಮೀ. ಹೊಟ್ಟೆ ಮಾಡುವುದಿಲ್ಲ.

ಪ್ಯಾಸೆಂಜರ್ ಗಾಡಿ, ಬಂಗಾರಪೇಟೆ

ರಂಪಿಗೆ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಲೆಕ್ಕದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಫ್ಯಾಕ್ಟರಿಯಲ್ಲಿ ಡಿಸೈನ್ ಕೆಲಸ ಮಾಡಿದ ಅಭ್ಯಾಸ, ಬಿಡೋಕಾಗಲ್ಲ.

ವಿಡಿಯೋಗಳಲ್ಲಿ ಚರ್ಮವನ್ನು ಔನ್ಸಿನಲ್ಲಿ ಹೇಳುತ್ತಾರೆ. 1 ಔನ್ಸ್ ಅಂದರೆ ಇಂಚಿನಲ್ಲಿ 64ನೇ ಒಂದು ಭಾಗ, ನಮ್ಮ ಲೆಕ್ಕಕ್ಕೆ 0.4 ಮಿ.ಮೀ. ಅಂದರೆ 8 ಔನ್ಸ್ ಅಂದರೆ 3.2 ಮಿ.ಮೀ. ಒಂದು ಚದರ ಅಡಿ ಚರ್ಮ ಎಷ್ಟು ಔನ್ಸ್ ತೂಗುತ್ತದೆ ಅನ್ನುವುದರಿಂದ ಬಂದ ಲೆಕ್ಕ ಅದು. ಅವರು ‘8ರಿಂದ 9’ ಅಂತ ಜೋಡಿಯಾಗಿ ಯಾಕೆ ಹೇಳುತ್ತಾರೆ ಅಂದರೆ ಒಂದೇ ತೊಗಲು ಎಲ್ಲಾ ಕಡೆ ಒಂದೇ ದಪ್ಪ ಇರುವುದಿಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ. ನಾಲ್ಕೈದು ಕಡೆ ಅಳೆಯಿರಿ. ಒತ್ತಿ ಹಿಡಿಯಬೇಡಿ, ಚರ್ಮ ಕುಗ್ಗಿ ಕಡಿಮೆ ತೋರಿಸುತ್ತದೆ.

ಇನ್ನೊಂದು. 2 ಮಿ.ಮೀ.ನಿಂದ 5ಕ್ಕೆ ಹೋದಾಗ ಎರಡೂವರೆ ಪಟ್ಟು ಗಟ್ಟಿಯಾಯಿತು ಅಂದುಕೊಂಡಿರಿ ಅಲ್ವಾ? ಎಳೆಯುವ ಭಾರ ತಡೆಯುವುದರಲ್ಲಿ ಅದು ಸರಿ. ಬಾಗುವುದರ ಲೆಕ್ಕ ಹಾಗಲ್ಲ. ಅಲ್ಲಿ ದಪ್ಪವನ್ನು ದಪ್ಪದಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ದಪ್ಪದಿಂದಲೇ ಗುಣಿಸಬೇಕು. ದಪ್ಪ ಎರಡು ಪಟ್ಟಾದರೆ ಬಾಗಿಸುವುದು ಎಂಟು ಪಟ್ಟು ಕಷ್ಟ. ಎರಡೂವರೆ ಪಟ್ಟಾದರೆ ಹೆಚ್ಚುಕಡಿಮೆ ಹದಿನೈದು ಪಟ್ಟು, ಒಂದೇ ಹದದ ಚರ್ಮ ಆದರೂ. ನಿಮ್ಮದು ಹದವೂ ಬೇರೆ. ಅದಕ್ಕೇ ಒಂದು ಪಂಚೆ ಥರ, ಇನ್ನೊಂದು ಹಲಗೆ ಥರ ಇತ್ತು. ಅರ್ಧ ಮಿ.ಮೀ. ಆಚೀಚೆ ಆದರೂ ಕೈಗೆ ಗೊತ್ತಾಗುತ್ತದೆ.

ಚೀಲದಕ್ಕ, ಚಿಂತಾಮಣಿ

ಲೆಕ್ಕ ಚೆನ್ನಾಗಿದೆ, ಆದರೆ ಅಂಗಡಿಯಲ್ಲಿ ನಿಂತು ಗುಣಿಸೋಕೆ ಆಗುತ್ತಾ? ನಾನು ಬ್ಯಾಗು ಹೊಲಿಯುವವಳು. ನನ್ನ ಪರೀಕ್ಷೆ ಹೀಗೆ. ತುಂಡನ್ನು ಹೆಬ್ಬೆರಳಿನ ಸುತ್ತ ನಿಧಾನಕ್ಕೆ ಬಗ್ಗಿಸಿ ನೋಡುತ್ತೇನೆ. ಮೇಲ್ಮೈ ಒಂದೇ ಸಮ ಬಾಗಿದರೆ ಸರಿ. ಸಣ್ಣ ಸಣ್ಣ ನೆರಿಗೆ ಎದ್ದು ಮೇಲಿನ ಪದರ ಬೇರೆ, ಒಳಗಿನದು ಬೇರೆ ಅನ್ನಿಸಿದರೆ ಅಲ್ಲೇ ಇಟ್ಟು ಬರುತ್ತೇನೆ.

ಮನೆಗೆ ತಂದ ಮೇಲೆ ಬೆಲ್ಟಿನ ಚರ್ಮಕ್ಕೆ ಇನ್ನೊಂದು. ಅಂಚಿನಿಂದ ಒಂದು ಇಂಚು ಅಗಲ, ಒಂದಡಿ ಉದ್ದದ ಪಟ್ಟಿ ಕೊಯ್ದು, ನಡುವೆ 25 ಸೆಂ.ಮೀ. ದೂರಕ್ಕೆ ಎರಡು ಗೆರೆ ಎಳೆದು, ಜಂತಿಗೆ ಕಟ್ಟಿ ಕೆಳಗೆ ನೀರು ತುಂಬಿದ ಬಕೆಟ್ ತೂಗುಹಾಕುತ್ತೇನೆ. ರಾತ್ರಿಯೆಲ್ಲ ಇರಲಿ. ಬೆಳಿಗ್ಗೆ ಬಕೆಟ್ ಇಳಿಸಿ ಆ ಗೆರೆಗಳ ನಡುವೆ ಅಳತೆ ಹಿಡಿದರೆ ಗೊತ್ತಾಗುತ್ತದೆ, ಬೆಲ್ಟಿಗೆ ಎಷ್ಟು ತೂತು ಜಾಸ್ತಿ ಹೊಡೆಯಬೇಕಾಗುತ್ತೆ ಅಂತ.

ಕೊಬ್ಬರಿ ಗಿಟಕು, ತಿಪಟೂರು

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಡೆ ತೆಂಗಿನ ಮರ ಹತ್ತುವವರು ಮಚ್ಚನ್ನು ಸೊಂಟಕ್ಕೆ ಸುಮ್ನೆ ಸಿಕ್ಕಿಸಿಕೊಂಡು ಹತ್ತುತ್ತಾರೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಮಚ್ಚಿಗೆ ಒರೆ ಮಾಡಿಸಿದರೆ ಎಷ್ಟು ದಪ್ಪ ಬೇಕು? ಹಾಗೇ ಹತ್ತುವವರ ಸೊಂಟದ ಬೆಲ್ಟನ್ನೂ ದಪ್ಪ ಎಮ್ಮೆ ತೊಗಲಲ್ಲಿ ಹೊಲಿದುಬಿಟ್ಟರೆ ಎರಡೂ ಕೆಲಸ ಆಗುತ್ತದೆ ಅಲ್ವಾ, ಮಚ್ಚನ್ನೂ ಹೊರುತ್ತದೆ, ಮನುಷ್ಯನನ್ನೂ ಹಿಡಿಯುತ್ತದೆ?

ರಂಪಿಗೆ, ತುಮಕೂರು

ಮೊದಲನೆಯದಕ್ಕೆ ಉತ್ತರ ಹೇಳುತ್ತೇನೆ. ಎರಡನೆಯದನ್ನು ಮರೆತುಬಿಡಿ ಸ್ವಾಮಿ.

ಮನುಷ್ಯನ ಜೀವ ಹಿಡಿಯುವ ಬೆಲ್ಟನ್ನು ಮನೆಯಲ್ಲಿ ಚರ್ಮದಲ್ಲಿ ಹೊಲಿಯಬಾರದು. 3 ಆಗಲಿ 6 ಆಗಲಿ 10 ಆಗಲಿ, ದಪ್ಪದ ಮಾತೇ ಇಲ್ಲ. ಬೆವರು, ಮಳೆ, ಬಿಸಿಲು ತಿಂದ ಚರ್ಮ ಒಳಗೇ ಸತ್ತಿರುತ್ತದೆ, ಹೊರಗೆ ಹೊಳೆಯುತ್ತಾ ಇರುತ್ತದೆ. ಬಕಲ್ ಬಳಿ ಕಿತ್ತು ಬರುವಾಗ ಹೇಳಿ ಬರುವುದಿಲ್ಲ. ಅದಕ್ಕೆ ಪರೀಕ್ಷೆ ಮಾಡಿ ಗುರುತು ಹಾಕಿದ ನೈಲಾನ್ ಅಥವಾ ಪಾಲಿಯೆಸ್ಟರ್ ಪಟ್ಟಿಯ ಸೇಫ್ಟಿ ಬೆಲ್ಟೇ ಆಗಬೇಕು. ನಾನು ಎಷ್ಟೋ ಜನರ ಆರ್ಡರ್ ವಾಪಸ್ ಕಳಿಸಿದ್ದೇನೆ. ಬೈದುಕೊಂಡು ಹೋಗಿದ್ದಾರೆ, ಹೋಗಲಿ.

ಮಚ್ಚಿನ ಒರೆಗೆ 3ರಿಂದ 3.5 ಮಿ.ಮೀ. ತೊಗಟೆ ಹದ ಸಾಕು. ಮಚ್ಚಿನ ಅಲಗು ಚರ್ಮಕ್ಕೆ ಹೆದರುವುದಿಲ್ಲ, ಎಷ್ಟೇ ದಪ್ಪ ಹಾಕಿದರೂ ಹೊಲಿಗೆಯ ದಾರವನ್ನೇ ಹುಡುಕಿ ಕೊಯ್ಯುತ್ತದೆ. ಅದಕ್ಕೇ ಎರಡು ಪದರದ ನಡುವೆ ಅಲಗಿನ ಕಡೆ ಇನ್ನೊಂದು ಪಟ್ಟಿ ಇಡಬೇಕು. ಅಲಗು ಬಂದು ತಾಗುವುದು ಆ ಪಟ್ಟಿಗೆ, ದಾರಕ್ಕಲ್ಲ. ತಮ್ಮಾ ಚಪ್ಪರ, ನಿನ್ನ ಕತ್ತರಿ ಮೂತಿ ತಳ ಕೊಯ್ದದ್ದೂ ಅದಕ್ಕೇ. ದಪ್ಪ ಸಾಲದೆ ಅಲ್ಲ, ನಡುಪಟ್ಟಿ ಇಲ್ಲದೆ.

ಬಳ್ಳಿ ಚಪ್ಪರ, ಚಿಕ್ಕಬಳ್ಳಾಪುರ

ಇದು ಹೊಳೆದೇ ಇರಲಿಲ್ಲ ಅಣ್ಣಾ. ಹಾಗಾದರೆ ಅಂಚಿನಲ್ಲಿ ಮೂರು ಪದರ ಆಗುತ್ತದೆ. 3 ಮೂರಲ 9 ಮಿ.ಮೀ. ಸೂಜಿ ತೂರುತ್ತದಾ?

ಚೀಲದಕ್ಕ, ಚಿಂತಾಮಣಿ

ಸೂಜಿಯಿಂದ ತೂತು ಮಾಡೋಕೆ ಹೋದರೆ ತೂರಲ್ಲ, ನೀನು ಹಾಗೇ ಮಾಡಿ ಎರಡು ಮುರಿದಿದ್ದೀಯ. ಮೊದಲು ಮೂರೂ ಪದರ ಅಂಟಿಸು. ಅಂಚಿನಿಂದ 4 ಮಿ.ಮೀ. ಒಳಗೆ ಗೆರೆ ಎಳೆ. 4 ಮಿ.ಮೀ.ಗೆ ಒಂದರಂತೆ ಉಳಿಯಲ್ಲಿ ತೂತು ಹೊಡಿ, ಕೆಳಗೆ ಮರದ ಕೊರಡು ಇಟ್ಟುಕೊಂಡು. ಆಮೇಲೆ ಒಂದೇ ದಾರದ ಎರಡು ತುದಿಗೂ ಮೊಂಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಮೇಣ ಹಚ್ಚಿದ 1 ಮಿ.ಮೀ. ಪಾಲಿಯೆಸ್ಟರ್ ದಾರ. ಹೊಲಿಗೆ ಮಿಷನ್ನಿನ ಹಾಗಲ್ಲ ಇದು. ಒಂದು ಕಡೆ ದಾರ ಸವೆದು ಕಿತ್ತರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ.

ಗುಣಮಟ್ಟದ ದಾರಕ್ಕೆ ಕಂಜೂಸುತನ ಮಾಡಬೇಡ. ಒಳ್ಳೇ ಚರ್ಮಕ್ಕೆ ಹೂವು ಕಟ್ಟುವ ದಾರ ಹಾಕಿದವರನ್ನೂ ನೋಡಿದ್ದೇನೆ ನಾನು.

ಹಳೇ ಹವಾಲ್ದಾರ್, ಕೆಜಿಎಫ್

ಮಾತು ಬೆಲ್ಟಿನ ಮೇಲೆ ಬಂದಿದ್ದರಿಂದ ಕೇಳುತ್ತೇನೆ. ನಾನು ಸೇನೆಯಿಂದ ನಿವೃತ್ತ. ನನ್ನ ಬಳಿ ಲೈಸೆನ್ಸ್ ಇರುವ .32 ರಿವಾಲ್ವರ್ ಇದೆ. ಅಂಗಡಿಯ ಹೋಲ್‌ಸ್ಟರ್ ಬಟ್ಟೆಯ ಹಾಗೆ ಮೆತ್ತಗಾಗಿದೆ. ರಿವಾಲ್ವರ್ ತೆಗೆದ ತಕ್ಷಣ ಬಾಯಿ ಚಪ್ಪಟೆಯಾಗುತ್ತದೆ. ಮಗ ‘ದಪ್ಪದ್ದು ಮಾಡಿಸಪ್ಪಾ, 5 ಮಿ.ಮೀ. ಹಾಕಿಸು’ ಅನ್ನುತ್ತಾನೆ. ಸರಿಯೇ?

ಪ್ಯಾಸೆಂಜರ್ ಗಾಡಿ, ಬಂಗಾರಪೇಟೆ

ಸರ್, ನಮಸ್ಕಾರ. 5 ಬೇಡ. ಅಷ್ಟು ದಪ್ಪದ ಚರ್ಮ ಗುಂಡು ಕೂರುವ ಸಿಲಿಂಡರ್, ಟ್ರಿಗರ್ ಸುತ್ತಲಿನ ಗಾರ್ಡಿನ ಅಂಚಿಗೆ ಒತ್ತಿ ಕೂರುವುದಿಲ್ಲ. ಆಕಾರ ಮೂಡದಿದ್ದರೆ ಒಳಗೆ ಅಲ್ಲಾಡುತ್ತದೆ. ಸೊಂಟದ ಹೊರಗೆ ಹಾಕುವ ಹೋಲ್‌ಸ್ಟರಿಗೆ 2.8ರಿಂದ 3.6 ಮಿ.ಮೀ. ತನಕ ವಾಡಿಕೆ. ನನ್ನ ಕೈಗೆ 3.2 ಹಿತ. ಪ್ಯಾಂಟಿನ ಒಳಗೆ ಸೇರಿಸುವಂಥದ್ದಾದರೆ 2.4ರಿಂದ 2.8. ಬಾಯಿ ಚಪ್ಪಟೆಯಾಗದಿರಲು ಇಡೀ ಹೋಲ್‌ಸ್ಟರ್ ದಪ್ಪ ಮಾಡಬೇಕಿಲ್ಲ. ಬಾಯಿಯ ಸುತ್ತ ಮಾತ್ರ ಒಂದಿಂಚು ಅಗಲದ ಇನ್ನೊಂದು ಪದರ ಅಂಟಿಸಿ ಹೊಲಿಯಬೇಕು. ಕೊಡದ ಕಂಠಕ್ಕೆ ಬಳೆ ಇರುತ್ತದಲ್ಲ, ಹಾಗೆ.

ಹಳೆಯದನ್ನು ದಯವಿಟ್ಟು ಇವತ್ತೇ ಬಿಡಿ ಸರ್. ಮೆತ್ತಗಾದ ಬಾಯಿ ಒಳಗೆ ಮಡಚಿಕೊಂಡಿದ್ದಾಗ ರಿವಾಲ್ವರ್ ತೂರಿಸಿದರೆ ಆ ಮಡಿಕೆಯೇ ಟ್ರಿಗರ್ ಒತ್ತಬಹುದು. ಹೊಸದು ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚುವ ಹಾಗಿರಲಿ. ಇನ್ನು ನೆನೆಸಿದ ಚರ್ಮಕ್ಕೆ ಆಕಾರ ಕೊಡುವಾಗ ನಿಜವಾದ ಆಯುಧ ಇಡಬೇಡಿ. ಅದೇ ಅಳತೆಯ ಮರದ ಅಚ್ಚು ಕೆತ್ತಿಸಿ. ನಿಮ್ಮ ಆಯುಧ ಬೀರುವಿನಲ್ಲೇ ಇರಲಿ, ಹೊಲಿಯುವವನ ಮನೆಗೆ ಹೋಗುವುದು ಬೇಡ.

ಬೆಲ್ಟಿನ ವಿಷಯ ಇಲ್ಲೇ ಜಾಸ್ತಿ ಜನ ಎಡವುವುದು. ಹೋಲ್‌ಸ್ಟರ್ ಚೆನ್ನಾಗಿ ಮಾಡಿಸಿ ಹಳೇ ಆಫೀಸ್ ಬೆಲ್ಟಿಗೆ ಸಿಕ್ಕಿಸುತ್ತಾರೆ. ಭಾರ ನೇರ ಕೆಳಗೆ ಎಳೆಯುವುದಿಲ್ಲ, ಬೆಲ್ಟನ್ನು ಹೊರಕ್ಕೆ ತಿರುಚುತ್ತದೆ. ಮೆತ್ತನೆ ಬೆಲ್ಟು ಮಗುಚಿಕೊಳ್ಳುತ್ತದೆ. ನಿಮಗೆ ಎರಡು ಪದರದ್ದು ಮಾಡಿಸಿ, 2.4 ಮತ್ತು 2.4, ಒಳಮೈಗೆ ಒಳಮೈ ಸೇರಿಸಿ, ಪೂರ್ತಿ ಅಂಟಿಸಿ, ಆಮೇಲೆ ಸುತ್ತ ಹೊಲಿಗೆ. ಅಂಟಿಸದೆ ಅಂಚು ಮಾತ್ರ ಹೊಲಿದರೆ ಎರಡು ಪದರವೂ ಒಂದರ ಮೇಲೊಂದು ಜಾರುತ್ತವೆ. ಆಗ ಅದು ಎರಡು ತೆಳು ಬೆಲ್ಟು ಅಷ್ಟೇ, ಒಂದು ದಪ್ಪ ಬೆಲ್ಟಲ್ಲ. ಮೊದಲು ಹೇಳಿದ ಎಂಟು ಪಟ್ಟಿನ ಲೆಕ್ಕ ಬರುವುದು ಅಂಟಿಸಿದಾಗ ಮಾತ್ರ.

ರಂಪಿಗೆ, ತುಮಕೂರು

ಎರಡು ಪದರದ ಬೆಲ್ಟಿನ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಅಂಟು ಎಷ್ಟು ವರ್ಷ ಬರುತ್ತದೆ? ಕೋಲಾರದ ಮೇ ತಿಂಗಳ ಬಿಸಿಲಲ್ಲಿ ಬೈಕ್ ಓಡಿಸುವವನ ಸೊಂಟದಲ್ಲಿ, ಬೆವರಿನಲ್ಲಿ? ಒಳ್ಳೇ ಬೆನ್ನಿನ 4 ಮಿ.ಮೀ. ಒಂದೇ ಪದರ ಹಾಕಿದರೆ ಬಿಟ್ಟುಕೊಳ್ಳುವ ಮಾತೇ ಇಲ್ಲ. ನಾನು ಹೊಲಿದು ಹನ್ನೆರಡು ವರ್ಷ ಆದ ಬೆಲ್ಟು ಇನ್ನೂ ಓಡಾಡುತ್ತಿದೆ.

ಪ್ಯಾಸೆಂಜರ್ ಗಾಡಿ, ಬಂಗಾರಪೇಟೆ

ಅಣ್ಣಾ, ನಿಮಗೆ ಒಳ್ಳೇ ಬೆನ್ನು ಆರಿಸೋಕೆ ಬರುತ್ತದೆ. ನಮ್ಮಂಥವರಿಗೆ 4 ಮಿ.ಮೀ. ಅಂತ ಹೇಳಿ ಯಾವುದು ಕೊಡುತ್ತಾರೋ ಗೊತ್ತಿಲ್ಲ. ಎರಡು ಪದರ ಹಾಕಿದರೆ ಒಂದರ ದೋಷ ಇನ್ನೊಂದು ಮುಚ್ಚುತ್ತದೆ. ಇದು ನಾವಿಬ್ಬರೂ ಒಪ್ಪುವ ವಿಷಯ ಅಲ್ಲ ಬಿಡಿ.

ರಂಪಿಗೆ, ತುಮಕೂರು

ಒಪ್ಪಲ್ಲ. ಆದರೆ ಟ್ರಿಗರ್ ಮಡಿಕೆ ಬಗ್ಗೆ ಹೇಳಿದ್ದು ಒಳ್ಳೇದಾಯಿತು.

ಹಳೇ ಹವಾಲ್ದಾರ್, ಕೆಜಿಎಫ್

ಇಬ್ಬರಿಗೂ ಧನ್ಯವಾದ. ಹಳೆಯದನ್ನು ಬಿಸಾಡಿದೆ. ಮರದ ಅಚ್ಚಿಗೆ ಬಡಗಿಗೆ ಹೇಳಿದ್ದೇನೆ. ನಮ್ಮಪ್ಪ ಗಣಿಯಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅವರ ಕೆಲಸದ ಬೆಲ್ಟು ಮೊಳೆಗೆ ನೇತಾಡುತ್ತಲೇ ಇತ್ತು. ಈಗ ಇಳಿಸಿ ಅಳೆದೆ. ಒಂದೇ ಪದರ, 4 ಮಿ.ಮೀ.ಗೆ ಒಂದಿಷ್ಟು ಕಡಿಮೆ. ರಂಪಿಗೆಯವರಿಗೆ ಒಂದು ಓಟು.

ಕೊಬ್ಬರಿ ಗಿಟಕು, ತಿಪಟೂರು

ಎಮ್ಮೆ ತೊಗಲಿನ ಬಗ್ಗೆ ಯಾರೂ ಹೇಳಲಿಲ್ಲ. ಎಮ್ಮೆಯದೇ ಗಟ್ಟಿ ಅಂತ ನಮ್ಮೂರಲ್ಲಿ ಎಲ್ಲರೂ ಅನ್ನುತ್ತಾರೆ.

ರಂಪಿಗೆ, ತುಮಕೂರು

ಎಮ್ಮೆಯದು ದಪ್ಪ. ದಪ್ಪ ಅಂದರೆ ಗಟ್ಟಿ ಅಂತಲ್ಲ. ಅದರ ನಾರು ದನದ್ದಕ್ಕಿಂತ ಸಡಿಲ, ಮೇಲ್ಮೈ ಒರಟು. ಚಪ್ಪಲಿ ಅಟ್ಟೆಗೆ, ಭಾರೀ ಬೆಲ್ಟಿಗೆ ಚೆನ್ನಾಗಿರುತ್ತದೆ. ಅಚ್ಚುಕಟ್ಟಾಗಿ ಆಕಾರ ಮೂಡಬೇಕು, ಅಂಚು ಗಾಜಿನ ಹಾಗೆ ಉಜ್ಜಿ ನಯ ಮಾಡಬೇಕು ಅಂದರೆ ದನದ್ದು. ಎಮ್ಮೆಯದನ್ನೇ ಹಾಕುವುದಾದರೆ ಅರ್ಧ ಮಿ.ಮೀ. ಜಾಸ್ತಿ ಇಟ್ಟುಕೊಳ್ಳಿ. ಬೆಲೆ ಕಡಿಮೆ ಅನ್ನುವುದೂ ಒಂದು ಗುಣವೇ, ಸುಳ್ಳು ಯಾಕೆ ಹೇಳಲಿ.

ಬಳ್ಳಿ ಚಪ್ಪರ, ಚಿಕ್ಕಬಳ್ಳಾಪುರ

ಚರ್ಮ ಎಲ್ಲಿ ತರೋದು? ಬೆಂಗಳೂರಿನಲ್ಲಿ ಕೇಳಿದರೆ ಹೋದ ಕಡೆಯೆಲ್ಲ ಕ್ರೋಮೇ ತೋರಿಸುತ್ತಾರೆ.

ಪ್ಯಾಸೆಂಜರ್ ಗಾಡಿ, ಬಂಗಾರಪೇಟೆ

ನನ್ನ ಹೆಸರಿನಲ್ಲೇ ಉತ್ತರ ಇದೆ ನೋಡಿ. ಬಂಗಾರಪೇಟೆಯಲ್ಲಿ ಚೆನ್ನೈ ಕಡೆಯ ಗಾಡಿ ಹತ್ತಿದರೆ ಜೋಲಾರಪೇಟೆ, ಆಮೇಲೆ ವಾಣಿಯಂಬಾಡಿ, ಆಂಬೂರು. ಆ ಪಟ್ಟಿಯಲ್ಲೆಲ್ಲ ಚರ್ಮದ್ದೇ ಕಸುಬು. ಜನ ಬಿರಿಯಾನಿಗೆ ಆಂಬೂರಿಗೆ ಹೋಗುತ್ತಾರೆ, ನಾನು ಚರ್ಮಕ್ಕೆ ಹೋಗಿ ಬಿರಿಯಾನಿ ತಿಂದು ಬರುತ್ತೇನೆ.

ಅಲ್ಲೂ ‘ವೆಜ್ ಟ್ಯಾನ್ ಇದೆ’ ಅಂದರೆ ನಂಬಿ ತರಬೇಡಿ. ಉಗುರಿನಷ್ಟು ಚೂರು ಕೇಳಿ ತೆಗೆದುಕೊಂಡು, ಟೀ ಅಂಗಡಿಯಲ್ಲಿ ಕುದಿಯುವ ನೀರಿಗೆ ಹಾಕಿ. ತೊಗಟೆ ಹದದ್ದು ಒಂದು ನಿಮಿಷದೊಳಗೆ ಮುದುಡಿ ಗಟ್ಟಿಯಾಗುತ್ತದೆ. ಕ್ರೋಮ್ ಇದ್ದ ಹಾಗೇ ಇರುತ್ತದೆ. ಟೀ ಅಂಗಡಿಯವನು ಮುಖ ನೋಡುತ್ತಾನೆ, ಎರಡು ಟೀ ಕುಡಿದರೆ ಸರಿಹೋಗುತ್ತಾನೆ. ಇದೇ ಕಾರಣಕ್ಕೆ, ನೆನೆಸಿ ಆಕಾರ ಕೊಟ್ಟ ಪೌಚನ್ನು ಒಲೆ ಹತ್ತಿರ, ಉರಿಬಿಸಿಲಿನಲ್ಲಿ ಒಣಗಿಸಬೇಡಿ. ಒದ್ದೆ ಇದ್ದಾಗ ಬಿಸಿ ತಾಗಿದರೆ ಅದೂ ಹೀಗೇ ಮುದುಡುತ್ತದೆ. ನೆರಳಿನಲ್ಲಿ ಒಂದು ದಿನ ಬಿಡಿ.

ಅಳತೆ ತೆಗೆಯುವಾಗ ಒಂದು ಎಚ್ಚರ. ಎಲ್ಲರೂ ಪೇಪರಿನಲ್ಲಿ ಪ್ಯಾಟರ್ನ್ ಕೊಯ್ಯುತ್ತಾರೆ. ಪೇಪರಿಗೆ ದಪ್ಪವೇ ಇಲ್ಲ. ನಿಮ್ಮ ಕತ್ತರಿ ಮಡಚಿದಾಗ 5 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ ಅಂದುಕೊಳ್ಳಿ. ಹಿಂಭಾಗ ಚಪ್ಪಟೆ ಇಟ್ಟರೆ ಮುಂಭಾಗದ ತುಂಡು ಎಷ್ಟಿರಬೇಕು? ಅಗಲ 5, ಎರಡು ಪಕ್ಕ ಏರಿಳಿಯಲು 2 ಮತ್ತು 2, ಚರ್ಮದ ದಪ್ಪಕ್ಕೆ 0.3 ಮತ್ತು 0.3, ಹೊಲಿಗೆ ಅಂಚಿಗೆ 1 ಮತ್ತು 1. ಒಟ್ಟು 11.6. ದಪ್ಪದ 0.6 ಬಿಟ್ಟರೆ ಕತ್ತರಿ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಟೇಷನರಿ ಅಂಗಡಿಯಲ್ಲಿ 3 ಮಿ.ಮೀ. ಫೋಮ್ ಶೀಟು ಸಿಗುತ್ತದೆ, ಮೊದಲು ಅದರಲ್ಲಿ ಮಾಡಿ ನೋಡಿ.

ಚೀಲದಕ್ಕ, ಚಿಂತಾಮಣಿ

ಬಕಲ್ ಹತ್ತಿರ ಬೆಲ್ಟು ಹಿಂದಕ್ಕೆ ಮಡಚುವ ಜಾಗ ಇರುತ್ತದಲ್ಲ, ಅಲ್ಲಿ ಚರ್ಮವನ್ನು ಒಳಗಿನಿಂದ ಅರ್ಧಕ್ಕೆ ಸವರಿಬಿಡು. 4 ಮಿ.ಮೀ. ಇದ್ದದ್ದು 2 ಆಗಲಿ. ಇಲ್ಲದಿದ್ದರೆ ಹೊಟ್ಟೆ ಮೇಲೆ 8 ಮಿ.ಮೀ. ಗುಬುಟು, ಬಗ್ಗಿದಾಗಲೆಲ್ಲ ಚುಚ್ಚುತ್ತದೆ. ಅಗಲ 38 ಮಿ.ಮೀ., ಅಂದರೆ ಒಂದೂವರೆ ಇಂಚು. ಜೀನ್ಸ್ ಪ್ಯಾಂಟಿನ ಲೂಪಿಗೆ ಸರಿಹೋಗುತ್ತದೆ. ಪೌಚಿನ ಹಿಂದಿನ ಲೂಪನ್ನು 38ಕ್ಕೇ ಅಳೆದು ಹೊಲಿಯಬೇಡ, ಬೆಲ್ಟಿನ ದಪ್ಪವೂ ಅದರೊಳಗೆ ತೂರಬೇಕು. 42 ಇಟ್ಟುಕೋ. ತುಂಬಾ ಸಡಿಲ ಮಾಡಿದರೂ ಪೌಚು ಗಡಿಯಾರದ ಲೋಲಕದ ಹಾಗೆ ಆಡುತ್ತದೆ.

ಬಳ್ಳಿ ಚಪ್ಪರ, ಚಿಕ್ಕಬಳ್ಳಾಪುರ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಆಂಬೂರಿಗೆ ಹೋಗಿ ಬಂದೆ. ಟೀ ಅಂಗಡಿಯ ಪರೀಕ್ಷೆಯಲ್ಲಿ ಎರಡು ಕಡೆಯ ಚರ್ಮ ಫೇಲಾಯಿತು, ಮೂರನೆಯದು ಪಾಸು.

ಪೌಚಿಗೆ ಹೆಗಲಿನ 3 ಮಿ.ಮೀ., ತಳದಲ್ಲಿ ನಡುಪಟ್ಟಿ, ಬಾಯಿಗೆ ಬಳೆ. ಬೆಲ್ಟಿಗೆ ಬೆನ್ನಿನ 3.6, ಒಂದೇ ಪದರ. ಪ್ಯಾಸೆಂಜರ್ ಸರ್ ಬೇಜಾರು ಮಾಡಿಕೊಳ್ಳಬಾರದು, ಕತ್ತರಿಯ ತೂಕ ಕಾಲು ಕೆ.ಜಿ., ಅದಕ್ಕೆ ಎರಡು ಪದರ ಯಾಕೆ ಅನ್ನಿಸಿತು.

ಅಕ್ಕ ಹೇಳಿದ ಬಕೆಟ್ ಪರೀಕ್ಷೆಯನ್ನೂ ಮಾಡಿದೆ. ಹಳೇ 5 ಮಿ.ಮೀ. ಹೊಟ್ಟೆಯದೊಂದು ಪಟ್ಟಿ, ಹೊಸ ಬೆನ್ನಿನದೊಂದು. ಹೊಟ್ಟೆಯ ಪಟ್ಟಿ ಬೆಳಿಗ್ಗೆ 9 ಮಿ.ಮೀ. ಉದ್ದವಾಗಿತ್ತು. ಬೆನ್ನಿನದು 2 ಕೂಡ ಆಗಿರಲಿಲ್ಲ. ಅಪ್ಪ ಎದ್ದು ಬಂದು ಜಂತಿಯಲ್ಲಿ ಬಕೆಟ್ ನೇತಾಡೋದು ನೋಡಿ ಏನೂ ಮಾತಾಡದೆ ಹೋದರು.

ಈಗ ಒಂದೇ ಕೈಯಲ್ಲಿ ಕತ್ತರಿ ಹೋಗುತ್ತದೆ, ಬರುತ್ತದೆ. ಒಂದು ತೊಂದರೆ ಮಾತ್ರ ಇದೆ. ರಾತ್ರಿ ಪೌಚಿನಲ್ಲೇ ಬಿಟ್ಟಿದ್ದೆ, ಬೆಳಿಗ್ಗೆ ಕತ್ತರಿ ಮೇಲೆ ತುಕ್ಕು, ಪೌಚಿನೊಳಗೆ ಮಸಿ ಬಳಿದ ಹಾಗೆ ಕಪ್ಪು ಕಲೆ. ಬಳ್ಳಿಯ ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದ ದಿನ ಅದು. ಮೈಲುತುತ್ತ ತಾಗಿ ಹೀಗಾಯಿತಾ?

ರಂಪಿಗೆ, ತುಮಕೂರು

ಆ ಕಪ್ಪನ್ನು ಮೈಲುತುತ್ತದ ಮೇಲೆ ಹಾಕಬೇಡ, ಒದ್ದೆ ಕತ್ತರಿ ಇಟ್ಟದ್ದಕ್ಕೆ ಬಂದದ್ದು ಅದು. ತೊಗಟೆಯ ಒಗರು, ಕಬ್ಬಿಣ, ನೀರು ಮೂರೂ ಸೇರಿದರೆ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಕಪ್ಪು ಮಸಿ ಮಾಡುತ್ತಿದ್ದದ್ದು ಹೀಗೇ. ನಿನ್ನ ಪೌಚಿನಲ್ಲಿ ಅದೇ ಮಸಿ ತಯಾರಾಗಿದೆ. ಕಲೆ ಹೋಗಲ್ಲ, ಅದರಿಂದ ನಷ್ಟವೂ ಇಲ್ಲ. ಕೆಲಸ ಮುಗಿದ ಮೇಲೆ ಕತ್ತರಿ ಒರೆಸಿ ಗೂಟಕ್ಕೆ ಹಾಕು. ಪೌಚು ಇರೋದು ಹೊತ್ತು ತಿರುಗೋಕೆ, ರಾತ್ರಿ ಮಲಗಿಸೋಕೆ ಅಲ್ಲ.

ಎಣ್ಣೆ ಹಾಕಬಹುದಾ ಅಂತ ಮುಂದೆ ಕೇಳ್ತೀಯ. ಬೆಲ್ಟಿಗೆ ಒಂದೆರಡು ಹನಿ ಹರಳೆಣ್ಣೆ ಬಟ್ಟೆಗೆ ಹಾಕಿ ಉಜ್ಜು. ಪೌಚಿಗೆ ಮೇಣ ಸಾಕು. ಅದಕ್ಕೂ ಎಣ್ಣೆ ಕುಡಿಸಿದರೆ ಮೆತ್ತಗಾಗಿ ಮತ್ತೆ ಬಾಯಿ ಮುಚ್ಚುತ್ತದೆ.

ಚೀಲದಕ್ಕ, ಚಿಂತಾಮಣಿ

ಎಲ್ಲಾ ಸರಿ, ನಿನ್ನ ತೋಟದಲ್ಲಿ ಕಟಿಂಗ್ ಮಾಡುವವರಲ್ಲಿ ಹೆಂಗಸರೆಷ್ಟು ಜನ?

ಬಳ್ಳಿ ಚಪ್ಪರ, ಚಿಕ್ಕಬಳ್ಳಾಪುರ

ಆರು ಜನರಲ್ಲಿ ನಾಲ್ಕು ಅಕ್ಕಾ.

ಚೀಲದಕ್ಕ, ಚಿಂತಾಮಣಿ

ಅವರು ಸೀರೆ ಉಟ್ಟು, ಮೇಲೆ ಗಂಡಸರ ಹಳೇ ಶರ್ಟು ಹಾಕಿಕೊಂಡು ಕೆಲಸ ಮಾಡುತ್ತಾರೆ. ಲೂಪೂ ಇಲ್ಲ, ಜೇಬೂ ಇಲ್ಲ. ನಿನ್ನ 3.6 ಬೆಲ್ಟು ಸೀರೆ ನೆರಿಗೆ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ, ಇಲ್ಲಾ ಅಂದರೆ ಬಗ್ಗಿದಾಗ ಪಕ್ಕೆಗೆ ಒತ್ತುತ್ತದೆ. ಅವರಿಗೆ 2.5 ಮಿ.ಮೀ. ಸಾಕು, ಅಗಲ ಮಾತ್ರ ಎರಡಿಂಚು ಇರಲಿ. ಅಗಲ ಇದ್ದರೆ ಭಾರ ಹರಡುತ್ತದೆ, ತೆಳು ಇದ್ದರೆ ಸೊಂಟದ ತಿರುವಿಗೆ ಕೂರುತ್ತದೆ. ತೂತುಗಳನ್ನು ಒಂದಿಂಚಿಗೆ ಒಂದರಂತೆ ಒಂಬತ್ತು ಹೊಡಿ. ಶರ್ಟಿನ ಮೇಲೆ ಕಟ್ಟಿದ ದಿನ ಒಂದು ಅಳತೆ, ಬರೀ ಸೀರೆ ಮೇಲೆ ಕಟ್ಟಿದ ದಿನ ಇನ್ನೊಂದು.

ಬಳ್ಳಿ ಚಪ್ಪರ, ಚಿಕ್ಕಬಳ್ಳಾಪುರ

ಹೋದ ವರ್ಷ ಕಳೆದುಹೋದ ಎರಡೂ ಕತ್ತರಿ ಅವರ ಸಾಲಿನಲ್ಲೇ ಕಳೆದದ್ದು ಅಕ್ಕಾ. ಅವರನ್ನೇ ಬೈದಿದ್ದೆ. ಬೆನ್ನಿನ ಚರ್ಮ ಇನ್ನೂ ಮಿಕ್ಕಿದೆ, ಆದರೆ 3.6. ಅದನ್ನೇ 2.5ಕ್ಕೆ ಸವರಬಹುದಾ?

ರಂಪಿಗೆ, ತುಮಕೂರು

ಉದ್ದ ಪಟ್ಟಿಯನ್ನು ಕೈಯಲ್ಲಿ ಸಮ ಸವರೋಕೆ ನಿನ್ನಿಂದ ಆಗಲ್ಲ. ನಾನೂ ಮಾಡಲ್ಲ. ಚರ್ಮವನ್ನು ಸಮ ದಪ್ಪಕ್ಕೆ ಸೀಳುವ ಸ್ಪ್ಲಿಟಿಂಗ್ ಮಿಷನ್ ಇರುವ ಕಡೆ ಕೊಡು, ಒಳಮೈ ಕಡೆಯಿಂದ ತೆಗೆಯೋಕೆ ಹೇಳು. ತುಮಕೂರಿಗೆ ಬರುವುದಿದ್ದರೆ ತಗೊಂಡು ಬಾ, ಮಿಷನ್ ಇರುವವರ ಹತ್ತಿರ ಕರೆದುಕೊಂಡು ಹೋಗ್ತೀನಿ. ಬರುವಾಗ ದ್ರಾಕ್ಷಿ ತಾ.